ಕೈ ಎತ್ತಬ್ಯಾಡ

ಬಾಣಾವಲಿಯ ದಂಡೆಯಲ್ಲಿ ಮೂರನೆಯ ದಿನಕ್ಕೆ
ನಮ್ಮ ಮೂವರಿಗೂ ಸಮುದ್ರ ಸಾಕಾಗಿತ್ತು.
ಯಾರೂ ಬಾಯಿಬಿಟ್ಟು ಹೇಳಲಿಲ್ಲ, ರೂಮಿಗೆ ಮುಂಗಡ ಕೊಟ್ಟಾಗಿತ್ತಲ್ಲ.
ರೋಜ್ಲಿನ್‌ಳ ಮೂಗು ಸುಲಿದಿತ್ತು.
ಮೆಹಬೂಬಿ ತಾಸಿಗೊಮ್ಮೆ ಬೆಳಗಾವಿಯ ವಾರ್ಡಿಗೆ ಫೋನು ಹಚ್ಚಿ
ಏಳನೇ ಮಂಚದವಳಿಗೆ ಹೆರಿಗೆ ಆಯಿತೇ ಎಂದು ಕೇಳುತ್ತಿದ್ದಳು.
ನನ್ನ ಕಿವಿಯಲ್ಲಿ, ಚಪ್ಪಲಿಯಲ್ಲಿ, ಶೇಂಗಾಹಿಂಡಿಯ ಡಬ್ಬಿಯಲ್ಲಿ ಮರಳು.

ಹೋಟೆಲಿನ ಹುಡುಗ ಹೇಳಿದ: ಒಳನಾಡಿಗೆ ಹೋಗಿ,
ಉಸಗಳಿಮಳದಲ್ಲಿ ಹೊಳೆಬದಿಯ ಬಂಡೆಯ ಮೇಲೆ
ಯಾವ ಕಾಲದಲ್ಲೋ ಯಾರೋ ಕೊರೆದಿದ್ದಾರಂತೆ. ನಾನು ನೋಡಿಲ್ಲ.
ಅವನು ನೋಡಿಲ್ಲ ಎಂದದ್ದೇ ನನಗೆ ಹಿಡಿಸಿತು.

ಎರಡು ತಾಸಿನ ದಾರಿ. ಅದಿರು ಲಾರಿಗಳ ಕೆಂಪು ಧೂಳು
ಗೇರುಮರದ ಎಲೆ ಎಲೆಗೂ ಮೆತ್ತಿತ್ತು.
ಟಿಕೆಟ್ಟಿಲ್ಲ, ಗೇಟಿಲ್ಲ, ತುಕ್ಕು ತಿಂದ ಒಂದು ಬೋರ್ಡು.
ಕೆಳಗೆ ಕುಶಾವತಿ, ಮೇ ತಿಂಗಳ ಸೊರಗಿದ ಹೊಳೆ,
ಅದರ ಮಗ್ಗುಲಲ್ಲಿ ಬೋಳು ಜಂಬಿಟ್ಟಿಗೆಯ ಹಾಸು.
ಅಷ್ಟೆ. ಅಲ್ಲಿ ಏನೂ ಇರಲಿಲ್ಲ.
"ಇದಕ್ಕೇನ ಎರಡು ಸಾವಿರ ಕಾರಿಗೆ?" ಎಂದಳು ರೋಜ್ಲಿನ್.

ನೆರಳಿನಿಂದ ಪುನೋ ವೇಳಿಪ ಎದ್ದು ಬಂದ.
ಹೆಗಲಿಗೆ ಟವೆಲ್ಲು, ಕೈಯಲ್ಲಿ ಸೋಡಾದ ಹಸಿರು ಬಾಟಲಿ,
ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ಐದಾರು ತೂತು.
ಕುಕ್ಕರಗಾಲಲ್ಲಿ ಕೂತು, ಸಸಿಗೆ ಹೊಯ್ಯುವಂತೆ,
ಬಂಡೆಗೆ ನೀರು ಹನಿಸತೊಡಗಿದ.

ಮೊದಲು ಒಂದು ಕೊಂಬು.
ಕೊಂಬಿನ ಹಿಂದೆ ಹಿಣಿಲು, ಹಿಣಿಲ ಹಿಂದೆ
ಇಡೀ ಗೂಳಿ, ತನ್ನ ಗತ್ತು ಸಮೇತ.
ಆಮೇಲೆ ನವಿಲು. ಆಮೇಲೆ ಯಾರದೋ ಪಾದ.
ತೋಯ್ದಲ್ಲೆಲ್ಲ ಗೆರೆ ಕಪ್ಪಾಗಿ ಏಳುತ್ತಿತ್ತು,
ನೋಡನೋಡುತ್ತ ಬಿಸಿಲು ಅದನ್ನು ನೆಕ್ಕಿಬಿಡುತ್ತಿತ್ತು.

"ಎಷ್ಟು ವರ್ಷದ್ದು ಬಾಬಾ?" ಮೆಹಬೂಬಿಯ ಹಿಂದಿ.
"ಅಳೆಯುವವರು ಬರುತ್ತಾರೆ, ಒಬ್ಬರ ಸಾವಿರ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ.
ನಾವು ದನ ಕಾಯುವಾಗ ಇದರ ಮೇಲೇ ಕೂತು ಉಂಡೆವು.
ಕುಂಡಿಯ ಕೆಳಗೇನಿದೆ ಎಂದು ಯಾರು ನೋಡುತ್ತಾರೆ?"

ಮತ್ತೆ ಹನಿಸಿದ. ಸುತ್ತಿನೊಳಗೊಂದು ಸುತ್ತು,
ಅದರೊಳಗೆ ಇನ್ನೊಂದು, ಏಳು ಸುತ್ತು, ನಡುವೆ ಕುಳಿ.
ನನ್ನ ಮೊಣಕಾಲು ತಾವಾಗಿಯೇ ನೆಲಕ್ಕೂರಿದವು.

ಇದು ನೀಲವ್ವನ ಕೋಟೆ.
ನಮ್ಮ ಆಯಿ. ಸವದತ್ತಿ ಸೀಮೆಯ ಸೂಲಗಿತ್ತಿ.
ಬ್ಯಾನಿ ತಡೆದು ನಿಂತರೆ ಕಂಚಿನ ತಾಟಿನ ಮೇಲೆ
ಅರಿಶಿನದ ಬೆರಳಲ್ಲಿ ಇದನ್ನೇ ಬರೆದು ಬಸುರಿಯ ಮುಂದಿಟ್ಟು
"ಬೆರಳಿಡವ್ವ. ಕೈ ಎತ್ತಬ್ಯಾಡ. ಹಿಡಿದ ದಾರಿ ಬಿಡಬ್ಯಾಡ.
ಒಳಗ ಮುಟ್ಟಿದಾಕಿ ಹೊರಗ ಬಂದ ಬರತಾಳ."
ಆಮೇಲೆ ತಾಟು ತೊಳೆದು ಆ ನೀರು ಕುಡಿಸುವಳು.
ಬದುಕಿದವರಿದ್ದರು. ಸತ್ತವರೂ ಇದ್ದರು.
ನಮ್ಮ ವಾರ್ಡಿನಲ್ಲೂ ಇದ್ದಾರೆ.

ನರ್ಸಿಂಗಿನ ಮೊದಲ ರಜೆಯಲ್ಲಿ ಮನೆಗೆ ಹೋಗಿ
ಸೋಂಕಿನ ಪಾಠ ಒಪ್ಪಿಸಿದ್ದೆ ನಾನು, ನಕ್ಕೂ ಇದ್ದೆ.
ಆಕೆ ತಾಟನ್ನು ಸೆರಗಿನಿಂದ ಒರೆಸಿದಳು.
"ಕಲ್ತಾಕಿ, ನಿಂದ ಖರೆ ಇದ್ದೀತು."
ಆಮೇಲೆ ಬರೆದದ್ದನ್ನು ನಾನು ಕಾಣೆ.
ತಾಟನ್ನು ಚಿಗವ್ವ ಬೋಗಾರನಿಗೆ ತೂಕಕ್ಕೆ ಕೊಟ್ಟು
ಎರಡು ಸ್ಟೀಲಿನ ಡಬ್ಬಿ ತಂದಳು.

ಚಪ್ಪಲಿ ಬಿಟ್ಟೆ. ತೋರುಬೆರಳನ್ನು ಗೆರೆಯ ಬಾಯಿಗಿಟ್ಟೆ.
ಕಾದ ಕಲ್ಲು, ತಣ್ಣನೆಯ ನೀರು, ಬೆರಳು ಜಾರಿ ಹೊರಟಿತು,
ಎಡಕ್ಕೆ, ಮತ್ತೆ ಎಡಕ್ಕೆ, ನಡುವಿನ ಕುಳಿ ಇಲ್ಲೇ ಎನ್ನುವಾಗ
ಗೆರೆ ಹೊರಳಿ ನನ್ನನ್ನು ಹೊರಸುತ್ತಿಗೆ ಒಯ್ದಿತು.
ನಾಲ್ಕನೆಯ ಸುತ್ತಿನಲ್ಲಿ ನೀರು ಆರಿತು.
ಬೆರಳ ಮುಂದೆ ಬರೀ ಬಂಡೆ.

ಬಾಟಲಿ ಬರಿದು. ಪುನೋ ಎದ್ದು
ಒಂದು ಕೈ ಸೊಂಟಕ್ಕೆ ಕೊಟ್ಟು ಹೊಳೆಗೆ ಇಳಿಯತೊಡಗಿದ.
ದಿಬ್ಬದ ಮೇಲೆ ಮೆಹಬೂಬಿ ಫೋನನ್ನು ತಲೆಯ ಮೇಲೆತ್ತಿ
ಸಿಗ್ನಲ್ಲು ಹುಡುಕುತ್ತ ಅತ್ತ ಇತ್ತ ನಡೆಯುತ್ತಿದ್ದಳು.
"ಬಾರs, ಡ್ರೈವರ್ ಒದರಾಕತ್ತಾನ," ಎಂದಳು ರೋಜ್ಲಿನ್.

ನಾನು ಬೆರಳು ಎತ್ತಲಿಲ್ಲ.
ಕೆಳಗೆ, ಬಾಟಲಿಯ ಕಿರುಬಾಯಿಗೆ ಹೊಳೆ
ಗುಳುಗುಳು ಇಳಿಯುವುದು ಕೇಳಿಸುತ್ತಿತ್ತು.